ಮೊದಲ ಒಂದು ನಿಮಿಷ

ನನಗೆ ಹಾಡೋಕೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಸಾಲಿನಲ್ಲೇ ವಿದ್ವಾಂಸರು ಕೂತಿದ್ದಾರೆ. ಅವರಲ್ಲಿ ಇಬ್ಬರ ಆಂಪ್ಲಿಫೈಯರ್ ಇನ್ನೂ ನನ್ನ ಅಂಗಡಿಯಲ್ಲೇ ಇದೆ, ನಾನು ಏನಾದರೂ ತಪ್ಪು ಮಾತಾಡಿದರೂ ಅವರು ಸುಮ್ಮನಿರುತ್ತಾರೆ ಅನ್ನೋ ಧೈರ್ಯದಲ್ಲಿ ಬಂದಿದ್ದೇನೆ. ಹಾಸನದ ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಗಲ್ಲಿಯಲ್ಲಿ 36 ವರ್ಷದಿಂದ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡು ಬಂದವನು ನಾನು. ನಡುವೆ ಸಿಡಿ ಬಂತು, ಮೊಬೈಲ್ ಬಂತು, ಈಗ ಮಿಕ್ಸಿನೂ ರಿಪೇರಿ ಮಾಡುತ್ತೇನೆ. ಹೊಟ್ಟೆಪಾಡು.

ಸಂಗೀತ ಮತ್ತು ಭಾವನೆ ಅಂತ ವಿಷಯ ಕೊಟ್ಟಾಗ, ನನ್ನಂಥವನು ಏನು ಮಾತಾಡಲಿ ಅಂದೆ. ಕೇಳಿದ್ದನ್ನೇ ಹೇಳಿ ಅಂದರು. ಕೇಳಿದ್ದು ಜಾಸ್ತಿ ಇದೆ. ಆದರೆ ರಿಪೇರಿಯವನ ಹಣೆಬರಹ ನೋಡಿ, ಊರಿನವರ ಹಾಡೆಲ್ಲ ಅವನ ಕಿವಿಗೆ ಬೀಳುತ್ತದೆ, ಯಾವುದೂ ಪೂರ್ತಿ ಬೀಳುವುದಿಲ್ಲ. ಆಲೂರಿನವರ ಸೆಟ್ಟಿನಲ್ಲಿ ಮರೆತುಬಿಟ್ಟ ಕ್ಯಾಸೆಟ್ ಹರಿಕಥೆಯದ್ದು. ಬೇಲೂರಿನವರದ್ದರಲ್ಲಿ ಯಾರದೋ ಮದುವೆಯ ವಾಲಗ, ನಡುವೆ ಯಾರೋ ಎಲೆ ಹಾಕ್ರೋ ಅಂತ ಕೂಗುತ್ತಿದ್ದಾರೆ. ಸದ್ದು ಸರಿ ಬಂದ ತಕ್ಷಣ ಆಫ್.

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಟೆಸ್ಟ್ ಕ್ಯಾಸೆಟ್ ಇತ್ತು. ಪ್ರತಿ ರಿಪೇರಿಯವನ ಹತ್ತಿರವೂ ಅಂಥದ್ದೊಂದು ಇರುತ್ತಿತ್ತು. ನನ್ನದು ಕೊಳಲು, ಮೋಹನ ರಾಗದ ಪುಟ್ಟ ಆಲಾಪನೆ, ಅಂದರೆ ತಾಳವಿಲ್ಲದೆ ರಾಗವನ್ನಷ್ಟೇ ಬಿಡಿಸುತ್ತಾ ಹೋಗುವುದು. ಕೊಳಲೇ ಯಾಕೆ ಅಂದರೆ, ಸ್ವರ ಉದ್ದಕ್ಕೆ ನಿಂತಾಗ ಮೋಟಾರ್ ಚೂರು ತಡವರಿಸಿದರೂ ಕಿವಿಗೆ ಸಿಕ್ಕಿಬೀಳುತ್ತದೆ, ಸ್ವರ ಸೊಟ್ಟಗಾಗಿ ಅಲ್ಲಾಡುತ್ತದೆ. ಡೊಳ್ಳಿನ ಕ್ಯಾಸೆಟ್ ಹಾಕಿದರೆ ಅಷ್ಟು ಸುಲಭವಾಗಿ ಗೊತ್ತಾಗಲ್ಲ. ಒಂದು ನಿಮಿಷ ಕೇಳುವುದು, ಸರಿ ಇದ್ದರೆ ಸ್ಟಾಪ್ ಒತ್ತುವುದು, ಹಿಂದಕ್ಕೆ ಸುತ್ತುವುದು, ಮುಂದಿನ ಸೆಟ್. ಈ ಕ್ಯಾಸೆಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ನೀವೂ ಸ್ವಲ್ಪ ನೆನಪಿಟ್ಟುಕೊಂಡಿರಿ.

ನಾನು ಬೆಳೆದದ್ದು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ರೈಟರ್. ಪೇಟೆಯವರಿಗೆ ಹೇಳುತ್ತೇನೆ, ತೋಟದ ರೈಟರ್ ಅಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ, ಹಣ್ಣಿನ ತೂಕ ಬರೆಯುವವರು. ಸಾಹುಕಾರರು ಹೊಸ ಸೆಟ್ ತಂದಾಗ ಅವರ ಹಳೇ ಮರ್ಫಿ ರೇಡಿಯೋ ನಮ್ಮ ಮನೆಗೆ ಬಂತು. ವಾಲ್ವ್ ಸೆಟ್ಟು, ಸ್ವಿಚ್ ಹಾಕಿದರೆ ಬಿಸಿಯಾಗಿ ಬಾಯಿ ಬಿಡುವುದಕ್ಕೆ ಅರ್ಧ ನಿಮಿಷ. ಅಪ್ಪ ಸಿಲ್ವರ್ ಮರಕ್ಕೆ ಏರಿಯಲ್ ತಂತಿ ಕಟ್ಟಿಸಿದ್ದರು. ಬುಧವಾರ ರಾತ್ರಿ 8 ಗಂಟೆಗೆ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ, ಹಿಂದಿ ಸಿನಿಮಾ ಹಾಡುಗಳು. ಆ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ, ನಾನು ಹುಟ್ಟುವುದಕ್ಕೂ ಮೊದಲು. ನಮಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ, ಅದು ಯಾವತ್ತೂ ಅಡ್ಡಿ ಅನ್ನಿಸಲಿಲ್ಲ.

ಅದು ಶಾರ್ಟ್ ವೇವ್. ಕೊಲಂಬೋದಿಂದ ಹೊರಟ ಅಲೆ ನೆಟ್ಟಗೆ ನಮ್ಮ ತೋಟಕ್ಕೆ ಬರುವುದಿಲ್ಲ. ಆಕಾಶದಲ್ಲಿ ನೂರಾರು ಕಿಲೋಮೀಟರ್ ಮೇಲಿರುವ ಒಂದು ಪದರಕ್ಕೆ ಬಡಿದು ಕೆಳಗೆ ಇಳಿಯುತ್ತದೆ. ಆ ಪದರ ಒಂದೇ ಸಮ ಇರಲ್ಲ, ಕೆರೆಯ ನೀರಿನ ಹಾಗೆ ಅಲುಗುತ್ತಿರುತ್ತದೆ. ಹಾಗಾಗಿ ಹಾಡು ಮುಳುಗುವುದು, ಏಳುವುದು, ಮತ್ತೆ ಮುಳುಗುವುದು. ಹೊರಗೆ ಜುಲೈ ಮಳೆ, ಒಳಗೆ ನಾವು ಮೂರು ಮಕ್ಕಳು ರೇಡಿಯೋದ ಮುಂದೆ ಕಂಬಳಿ ಹೊದ್ದು ಕೂತಿದ್ದೇವೆ. ಹಾಡು ಮುಳುಗಿತು ಅಂದರೆ ಅಕ್ಕ ಅದನ್ನು ಬಾಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಪದ ಗೊತ್ತಿಲ್ಲ, ಬರೀ ಧಾಟಿ. ಹಾಡು ಮತ್ತೆ ಎದ್ದು ಬಂದಾಗ ಅವಳು ಇದ್ದ ಜಾಗಕ್ಕೇ ಸರಿಯಾಗಿ ಬಂದು ಸೇರಿದರೆ ನಾವಿಬ್ಬರೂ ಚಪ್ಪಾಳೆ, ಒಂದು ಗೆರೆ ಹಿಂದೆ ಮುಂದೆ ಆದರೆ ಅವಳಿಗೆ ಅವಮಾನ, ಮೂಗು ಊದಿಸಿಕೊಂಡು ಒಳಗೆ ಹೋಗುತ್ತಿದ್ದಳು.

ಈಗ ಅದೇ ಹಾಡುಗಳು ಮೊಬೈಲಿನಲ್ಲಿ ಒಂದು ಚುಕ್ಕೆ ಗಲೀಜಿಲ್ಲದೆ ಬರುತ್ತವೆ. ಒಂದು ದಿನ ಅಕ್ಕನಿಗೆ ಕೇಳಿಸಿದೆ. ಚೆನ್ನಾಗಿದೆ ಅಂದಳು, ಹಾಡಿನ ನಡುವೆಯೇ ಎದ್ದು ಹಾಲು ಕಾಯಿಸೋಕೆ ಹೋದಳು. ಆವತ್ತಿನಿಂದ ನನ್ನ ತಲೆಯಲ್ಲಿ ಒಂದು ಯೋಚನೆ ಕೂತಿದೆ. ಹಾಡು ಕೇಳುವಾಗ ನಮಗೆ ಆಗುವ ಸಂತೋಷವೋ ಸಂಕಟವೋ ಏನಿದೆ, ಅದರಲ್ಲಿ ಮುಕ್ಕಾಲು ಭಾಗ ಕಾಯುವುದರಿಂದ ಬರುತ್ತದೆ ಅಂತ. ಏನು ಬರುತ್ತದೆ ಅಂತ ಗೊತ್ತು, ಆದರೂ ಕಾಯುತ್ತೇವೆ. ಇನ್ನೂ ಹೇಳಬೇಕೆಂದರೆ, ಗೊತ್ತಿರುವುದರಿಂದಲೇ ಕಾಯುತ್ತೇವೆ.

ನಮ್ಮ ಅಜ್ಜಿಯದು ಕಡೂರಿನ ಕಡೆ ತವರು. ಲಕ್ಷ್ಮೀಶ ಕವಿಯ ದೇವನೂರು ಇರುವುದೂ ಕಡೂರು ತಾಲ್ಲೂಕಿನಲ್ಲೇ ಅಲ್ವಾ, ಹಾಗಾಗಿ ಆ ಕಡೆಯವರಿಗೆ ಜೈಮಿನಿ ಭಾರತ ಅಂದರೆ ಮನೆ ಮಗುವಿನ ವಿಷಯ ಮಾತಾಡಿದ ಹಾಗೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಯಾರಾದರೂ ಗಮಕಿಗಳು ಬಂದು ರಾಗವಾಗಿ ಓದಿದರೆ ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಸೀತೆಯನ್ನು ಲಕ್ಷ್ಮಣ ಕಾಡಿನಲ್ಲಿ ಬಿಟ್ಟು ಬರುವ ಭಾಗ. ಎಷ್ಟು ಸಲ ಕೇಳಿದ್ದಳೋ ಏನೋ. ನಾನು ಪಕ್ಕದಲ್ಲಿ ಕೂತು ಗಮನಿಸಿದ್ದು ಏನೆಂದರೆ, ಅಳು ಬರಿಸುವ ಪದ್ಯಕ್ಕೆ ಇನ್ನೂ ಎರಡು ಪದ್ಯ ಇರುವಾಗಲೇ ಅವಳ ಕೈ ಸೆರಗಿನ ತುದಿಗೆ ಹೋಗುತ್ತಿತ್ತು. ಲಕ್ಷ್ಮಣ ಇನ್ನೂ ರಥದಿಂದ ಇಳಿದಿಲ್ಲ, ಸೀತೆಗೆ ಇನ್ನೂ ಏನೂ ಗೊತ್ತಿಲ್ಲ, ಗಮಕಿ ಇನ್ನೂ ಧಾಟಿ ಬದಲಾಯಿಸಿಲ್ಲ. ಅಜ್ಜಿಯ ಕಣ್ಣು ಆಗಲೇ ತುಂಬಿದೆ.

ಇದನ್ನು ನಾನು ಅಜ್ಜಿಯ ಮೆದು ಮನಸ್ಸು ಅಂತ ಅಂದುಕೊಂಡಿದ್ದೆ. ಆಮೇಲೆ ಮಗಳು ಒಂದು ಸಂಶೋಧನೆಯ ವಿಷಯ ಓದಿ ಹೇಳಿದಳು. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಮಾಡಿದ್ದು, 2011ರಲ್ಲಿ ಪ್ರಕಟವಾಯಿತು. ಯಾವ ಸಂಗೀತ ಕೇಳಿದರೆ ನಿಮಗೆ ಮೈ ಜುಮ್ಮೆನ್ನುತ್ತದೋ ಅದನ್ನೇ ತನ್ನಿ ಅಂತ ಜನರಿಗೆ ಹೇಳಿ, ಅದನ್ನು ಕೇಳಿಸುತ್ತಾ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಜುಮ್ಮೆನ್ನುವ ಗಳಿಗೆಯಲ್ಲಿ ಮಿದುಳಿನಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಹೊರಬರುತ್ತದೆ. ಒಳ್ಳೆ ಊಟ ಮಾಡಿದಾಗ ಬರುತ್ತದಲ್ಲ, ಅದೇ. ನನಗೆ ಹಿಡಿಸಿದ್ದು ಮುಂದಿನ ಮಾತು. ಆ ಗಳಿಗೆ ಬರುವುದಕ್ಕೆ ಕೆಲವು ಸೆಕೆಂಡ್ ಮೊದಲೇ, ಮಿದುಳಿನ ಬೇರೆ ಒಂದು ಭಾಗದಲ್ಲಿ ಅದು ಶುರುವಾಗಿರುತ್ತದಂತೆ. ಕೇಳಿದ ತಕ್ಷಣ ನನಗೆ ಕಂಡದ್ದು ಅಜ್ಜಿಯ ಸೆರಗು.

ಸಂಗೀತ ಕಚೇರಿಗಳಲ್ಲಿ ವಿದ್ವಾಂಸರು ಮಾಡುವುದೂ ಇದೇ ಆಟ, ತಪ್ಪು ತಿಳಿಯಬೇಡಿ. ಆಲಾಪನೆಯಲ್ಲಿ ಮೇಲಿನ ಷಡ್ಜದ, ಅಂದರೆ ಮೇಲಿನ ಸ ಸ್ವರದ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತಾರೆ, ಮುಟ್ಟುವುದಿಲ್ಲ, ವಾಪಸ್ ಇಳಿಸಿಬಿಡುತ್ತಾರೆ. ಇನ್ನೊಂದು ಸಲ ಹತ್ತಿಸುತ್ತಾರೆ. ನಮ್ಮ ಪ್ರಾಣ ಹೋಗುತ್ತಿರುತ್ತದೆ, ಅವರು ಶಾಲು ಸರಿಮಾಡಿಕೊಳ್ಳುತ್ತಾರೆ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನೆಯಲ್ಲೂ ಹಾಗೇ. ಮೃದಂಗದವರು ಮುಕ್ತಾಯ, ಅಂದರೆ ಕೊನೆಯಲ್ಲಿ ಮುಗಿಸುವ ನುಡಿ, ಮೂರು ಸಲ ನುಡಿಸುತ್ತಾರೆ. ಮೊದಲನೇ ಸಲ ಸುಮ್ನೆ ಕೇಳುತ್ತೇವೆ, ಎರಡನೇ ಸಲ ಗುರುತು ಸಿಗುತ್ತದೆ, ಮೂರನೇ ಸಲ ಅದು ಎಲ್ಲಿ ಬಂದು ಬೀಳಬೇಕು ಅಂತ ನಮ್ಮ ತೊಡೆಗೇ ಗೊತ್ತಾಗಿರುತ್ತದೆ. ತಾಳ ಬಾರದ ನನ್ನಂಥವನ ತಲೆಯೂ ಆ ಪೆಟ್ಟಿಗೆ ಸರಿಯಾಗಿ ಅಲ್ಲಾಡುತ್ತದೆ. ಅಂಥ ಹೊತ್ತಿಗೇ ಸಭೆಯಲ್ಲಿ ಅರ್ಧ ಜನ ಎದ್ದು ಕಾಫಿಗೆ ಹೋಗುತ್ತಾರೆ, ಅದು ಬೇರೆ ಮಾತು. ಇಲ್ಲಿರುವ ಕೆಲವರ ಮುಖ ನನಗೆ ಕ್ಯಾಂಟೀನಿನಲ್ಲೇ ಪರಿಚಯ.

ಇಷ್ಟಾದ ಮೇಲೆ ರಾಗದ ಮಾತು ಆಡದೇ ಇರೋಕೆ ಆಗಲ್ಲ. ಇಲ್ಲಿ ಹಾರ್ಮೋನಿಯಂ ಇಟ್ಟಿದ್ದಾರೆ, ಒಂದು ಸಣ್ಣ ಪರೀಕ್ಷೆ ಮಾಡೋಣ. ಈ ಮಗು ಸಂಗೀತ ಕಲಿಯುತ್ತಿದ್ದಾಳೆ, ಅವಳೇ ಹಾಡುತ್ತಾಳೆ. ಪುಟ್ಟಿ, ಮೋಹನ ಹಾಡಮ್ಮ. ಸ ರಿ ಗ ಪ ದ ಸ. ಐದೇ ಸ್ವರ, ಬೆಳಿಗ್ಗೆ ಗದ್ದೆಯ ಮೇಲೆ ಬಿಸಿಲು ಬಿದ್ದ ಹಾಗೆ ಇಲ್ವಾ? ಈಗ ಗಾಂಧಾರವನ್ನು, ಅಂದರೆ ಆ ಗ ಸ್ವರವನ್ನು ಮಾತ್ರ ಒಂದು ಮನೆ ಕೆಳಗೆ ಇಳಿಸು. ಉಳಿದದ್ದೆಲ್ಲ ಹಾಗೇ ಇರಲಿ. (ಹುಡುಗಿ ಹಾಡಿದಾಗ ಸಭೆಯಲ್ಲಿ ಒಂದು ಕ್ಷಣ ಮೌನ.) ನೋಡಿ, ಹಿಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು, ಕೇಳಿಸಿತು. ಇದು ಶಿವರಂಜಿನಿ. ಹಾರ್ಮೋನಿಯಂನಲ್ಲಿ ಬೆರಳು ಒಂದು ಮನೆ ಸರಿದಿದೆ ಅಷ್ಟೇ, ಮನೆಯಲ್ಲಿ ಯಾರೋ ತೀರಿಕೊಂಡ ಹಾಗಾಯಿತು.

ಹಾಗಾದರೆ ದುಃಖ ಆ ಗಾಂಧಾರದಲ್ಲೇ ಇದೆಯಾ? ಪುಸ್ತಕದಲ್ಲಿ ಪಟ್ಟಿ ಕೊಟ್ಟಿರುತ್ತಾರೆ, ಈ ರಾಗಕ್ಕೆ ಕರುಣ, ಆ ರಾಗಕ್ಕೆ ವೀರ ಅಂತ. ನನಗೆ ಆ ಪಟ್ಟಿಯ ಮೇಲೆ ಪೂರ್ತಿ ನಂಬಿಕೆ ಇಲ್ಲ. ನಿಮ್ಮ ಮುಂದೆ ಒಂದು ಸಾಕ್ಷಿ ಇಡುತ್ತೇನೆ. ಆಕಾಶವಾಣಿ ಬೆಳಿಗ್ಗೆ ಶುರುವಾಗುವಾಗ ಒಂದು ನಾದ ಬರುತ್ತದಲ್ಲ, ತಂಬೂರಿ ಶ್ರುತಿಯ ಮೇಲೆ ಪಿಟೀಲು, ನಮ್ಮ ವಯಸ್ಸಿನವರು ನಿದ್ದೆಯಲ್ಲೂ ಗುರುತಿಸುತ್ತೇವೆ. ಅದಕ್ಕೆ ಆಧಾರ ಇದೇ ಶಿವರಂಜಿನಿ. ಮಾಡಿದವರು ವಾಲ್ಟರ್ ಕಾಫ್‌ಮನ್, 1907ರಲ್ಲಿ ಈಗಿನ ಚೆಕ್ ದೇಶದಲ್ಲಿ ಹುಟ್ಟಿದ ಯಹೂದಿ. ಪಕ್ಕದ ಜರ್ಮನಿಯಲ್ಲಿ ಹಿಟ್ಲರ್ ಬಂದ ಮೇಲೆ, 1934ರಲ್ಲಿ ಊರು ಬಿಟ್ಟು ಮುಂಬೈಗೆ ಬಂದರು. ಅಲ್ಲಿ ರೇಡಿಯೋದಲ್ಲಿ ಕೆಲಸ ಮಾಡಿದರು, 1946ರವರೆಗೂ ಇದ್ದರು. ಊರು ಬಿಟ್ಟು ಬಂದ ಮನುಷ್ಯ, ಅತ್ತ ಹಾಗೆ ಕೇಳುವ ರಾಗ. ಆದರೂ ಆ ನಾದ ಕೇಳಿದರೆ ನಿಮಗೆ ಅಳು ಬರುತ್ತದಾ? ನನಗೆ ಬರುವುದು ಹಂಡೆ ಒಲೆಯ ಹೊಗೆಯ ವಾಸನೆ. ಅಮ್ಮ ಏಳ್ರೋ ಅಂತ ಕೂಗಿದ್ದು. ಹೋಂವರ್ಕ್ ಮಾಡಿಲ್ಲ ಅನ್ನೋ ಭಯ.

ಅದೇ ಐದು ಸ್ವರ, ಅದೇ ಇಳಿದ ಗಾಂಧಾರ. ಒಂದು ಕಡೆ ಸಾವಿನ ಮನೆ, ಇನ್ನೊಂದು ಕಡೆ ಸ್ಕೂಲಿನ ಗಡಿಬಿಡಿ. ಸ್ವರಕ್ಕೆ ಒಂದು ಗುಣ ಇದೆ, ಇಲ್ಲ ಅನ್ನಲ್ಲ. ಆದರೆ ಅದನ್ನು ಕೇಳಿದ ಮೇಲೆ ಮುಂದೆ ಏನು ಬರುತ್ತದೆ ಅಂತ ನಾವು ಕಾಯುತ್ತೇವಲ್ಲ, ಅದನ್ನು ಯಾವ ರಾಗದ ಪುಸ್ತಕವೂ ಬರೆದುಕೊಡಲ್ಲ. ಈ ನಾದ ಮುಗಿದ ಮೇಲೆ ನಾವು ಕಾಯುತ್ತಿದ್ದದ್ದು ಕಾಫಿಗೆ.

ಈಗ ಬೆಲ್ಟಿನ ಕಥೆ. ಇದನ್ನು ಹೇಳೋಕೇ ನಾನು ಬಂದದ್ದು, ಉಳಿದದ್ದೆಲ್ಲ ಪೀಠಿಕೆ ಅಂದುಕೊಳ್ಳಿ.

ಅರಕಲಗೂಡು ಕಡೆಯಿಂದ ಒಬ್ಬ ಯಜಮಾನರು ಒಂದು ಟೇಪ್ ರೆಕಾರ್ಡರ್ ತಂದರು. ಅವರ ತಂದೆಯದಂತೆ, ತಂದೆ ತೀರಿಕೊಂಡು ಆಗಲೇ ಎರಡು ವರ್ಷ. ಒಳಗೊಂದು ದೇವರನಾಮದ ಕ್ಯಾಸೆಟ್, ಹೆಂಗಸಿನ ದನಿ. ಸೆಟ್ ಕೆಲವು ಸಲ ನಿಂತುಬಿಡುತ್ತದೆ ಅನ್ನೋದು ದೂರು. ಬಿಚ್ಚಿ ನೋಡಿದರೆ ರಬ್ಬರ್ ಬೆಲ್ಟು ಹಿಗ್ಗಿ ಚಪ್ಪಲಿ ಬಾರಿನ ಹಾಗಾಗಿತ್ತು. ಮೋಟಾರ್ ತಿರುಗಿದರೂ ಬೆಲ್ಟು ಜಾರುತ್ತದೆ, ಟೇಪು ನಿಧಾನ ಓಡುತ್ತದೆ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನೂರಕ್ಕೆ ಆರು ಪಾಲು ನಿಧಾನವಾಯಿತು ಅಂದರೆ ಇಡೀ ಹಾಡು ಹಾರ್ಮೋನಿಯಂನ ಒಂದು ಮನೆ ಕೆಳಗೆ ಇಳಿಯುತ್ತದೆ. ಇವರದ್ದು ಅದಕ್ಕಿಂತ ಜಾಸ್ತಿನೇ ಇಳಿದಿತ್ತು. ಹೊಸ ಬೆಲ್ಟು ಹಾಕಿದೆ, ಸ್ಪಿರಿಟ್ಟಿನಲ್ಲಿ ಹೆಡ್ ಒರೆಸಿದೆ, ರೋಲರ್ ಒರೆಸಿದೆ, ನನ್ನ ಕೊಳಲು ಹಾಕಿ ಸ್ಪೀಡ್ ಸರಿ ಮಾಡಿದೆ. ನನ್ನ ಮಟ್ಟಿಗೆ ಚಿನ್ನದಂಥ ಕೆಲಸ.

ಯಜಮಾನರು ಬಂದರು, ಅವರ ಕ್ಯಾಸೆಟ್ ಹಾಕಿದೆ. ಮುಖ ಗಂಟಿಕ್ಕಿಕೊಂಡರು.

"ಇದ್ಯಾರೋ ಹುಡುಗಿ ಹಾಡ್ದಂಗಿದೆ ಕಣಪ್ಪ. ಕ್ಯಾಸೆಟ್ ಬದಲಾಯ್ಸಿದ್ದೀಯಾ?"

"ಇಲ್ಲ ಯಜಮಾನ್ರೇ, ಅದೇ ಕ್ಯಾಸೆಟ್ಟು. ಇಷ್ಟು ದಿನ ಸ್ಲೋ ಆಗಿ ಓಡ್ತಿತ್ತು. ಈಗ ಸರಿಯಾಗಿದೆ, ಅವರು ಹಾಡಿರೋದೇ ಹೀಗೆ."

"ಅವ್ರು ಹೆಂಗಾದ್ರೂ ಹಾಡ್ಲಿ. ನಮ್ಮಪ್ಪ ಕೇಳ್ತಿದ್ದ ಹಾಡು ಇದಲ್ಲ. ಇದನ್ನ ಕೇಳ್ಕೊಂಡೇ ನಿದ್ದೆ ಮಾಡ್ತಿದ್ರು ಅವ್ರು. ಈ ಸ್ಪೀಡಲ್ಲಿ ಯಾರಿಗಯ್ಯ ನಿದ್ದೆ ಬರುತ್ತೆ?"

ನಾನು ಮೊದಲು ವಾದ ಮಾಡಿದೆ. ಕೆಲಸಗಾರನ ಅಹಂಕಾರ, ಮೂಲ ಹಾಡು ಹೇಗಿದೆಯೋ ಹಾಗೆ ಕೇಳಿಸುವುದು ಧರ್ಮ ಅಂತ ಭಾಷಣ ಬೇರೆ ಮಾಡಿದೆ. ಅವರು ಬೆಂಚಿನ ಮೇಲೆ ಕೂತು ಇನ್ನೊಂದು ಸಲ ಹಾಕಿಸಿದರು. ಒಂದು ಕಡೆ, ಪಲ್ಲವಿಗೆ ವಾಪಸ್ ಬರುವ ಜಾಗದಲ್ಲಿ, ಅವರ ತಲೆ ಕೆಳಗೆ ವಾಲಿತು. ಹಾಡು ಅಷ್ಟರಲ್ಲಿ ಪಲ್ಲವಿ ಹಿಡಿದು ಮುಂದೆ ಹೋಗಿತ್ತು. ಆಗ ನನಗೆ ಅರ್ಥವಾಯಿತು, ಅವರು ಆ ಸ್ವರಕ್ಕೆ ಕಾಯುತ್ತಿದ್ದ ಜಾಗ ಬೇರೆ. ಅದು ಬಂದದ್ದು ಬೇರೆ ಕಡೆ, ಬೇಗ, ಒಂದು ಮನೆ ಮೇಲೆ. ಬಸ್ಸಿಗೆ ಕಾಯುತ್ತಾ ನಿಂತವರ ಎದುರೇ ಬಸ್ಸು ನಿಲ್ಲಿಸದೆ ಹೋದ ಹಾಗೆ ನೋಡಿದರು ನನ್ನನ್ನು.

ಟೇಪ್ ರೆಕಾರ್ಡರ್ ಮೋಟಾರಿನ ಬೆನ್ನಿಗೆ ಒಂದು ಸಣ್ಣ ತೂತು ಇರುತ್ತದೆ. ಸಣ್ಣ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಸ್ಪೀಡ್ ಹೆಚ್ಚು ಕಮ್ಮಿ ಮಾಡಬಹುದು. ಸ್ಪೀಡ್ ಸರಿಮಾಡೋಕೆ ಇಟ್ಟಿರುವ ತೂತು, ನಾನು ಕೆಡಿಸೋಕೆ ಬಳಸಿದ್ದು ಅದೊಂದೇ ಸಲ. ಹಾಡು ಓಡುತ್ತಿರುವಾಗಲೇ, ಅವರ ಮುಖ ನೋಡಿಕೊಂಡು ಒಂದೊಂದೇ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಹುಡುಗಿಯ ದನಿ ಹೆಂಗಸಿನದಾಯಿತು, ಆಮೇಲೆ ಸ್ವಲ್ಪ ವಯಸ್ಸಾಯಿತು, ಸ್ವಲ್ಪ ದಣಿಯಿತು. ಒಂದು ಕಡೆ ಅವರು ಕೈ ಎತ್ತಿದರು, ಹಾಂ, ನಿಲ್ಸು. ಆಮೇಲೆ ಮಾತಾಡಲಿಲ್ಲ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಬೆಲ್ಟಿನ ದುಡ್ಡು 40 ರೂಪಾಯಿ ಕೊಟ್ಟರು, ಕೆಡಿಸಿದ್ದಕ್ಕೆ ನಾನು ಏನೂ ತಗೊಳ್ಳಲಿಲ್ಲ.

ಆ ಹಾಡಿದ ತಾಯಿ ಇದನ್ನು ಕೇಳಿದ್ದರೆ ನನಗೆ ಬಯ್ಯುತ್ತಿದ್ದರೇನೋ. ಶ್ರುತಿ ಅಂದರೆ ಪ್ರಾಣ ಅನ್ನುವವರು ನೀವೆಲ್ಲ. ನಮ್ಮ ಜಿಲ್ಲೆಯ ರುದ್ರಪಟ್ಟಣಕ್ಕೆ ಹೋದರೆ ತಂಬೂರಿಯ ಆಕಾರದಲ್ಲೇ ಮಂದಿರ ಕಟ್ಟಿದ್ದಾರೆ, ಸಪ್ತಸ್ವರಗಳಿಗೆ. ಕಾವೇರಿ ದಡದ ಸಣ್ಣ ಊರು, ಅಲ್ಲಿಂದ ಎಷ್ಟು ಜನ ಸಂಗೀತಗಾರರು! 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರ ದನಿ ನನಗೆ ಪರಿಚಯವಾದದ್ದು ರಿಪೇರಿಗೆ ಬಂದ ರೇಡಿಯೋಗಳ ಒಳಗಿಂದ. ಆಕಾಶವಾಣಿಯಲ್ಲೇ ದಶಕಗಟ್ಟಲೆ ಇದ್ದವರು, 90 ದಾಟಿದ ಮೇಲೂ ಕಚೇರಿ ಮಾಡಿದವರು, 2014ರಲ್ಲಿ ಹೋದರು. ಸೋಲ್ಡರಿಂಗ್ ಹೊಗೆಯ ನಡುವೆ ಆ ದನಿ ಬಂದರೆ ಕಬ್ಬಿಣದ ಕಡ್ಡಿ ಸ್ಟ್ಯಾಂಡಿನ ಮೇಲೆ ಇಟ್ಟು ಸುಮ್ಮನೆ ಕೂತುಬಿಡುತ್ತಿದ್ದೆ. ಅಷ್ಟು ನೇರವಾದ ಶ್ರುತಿ ಕೇಳಿದ ಇದೇ ಕಿವಿಯಲ್ಲಿ ಯಜಮಾನರ ದಣಿದ ಹಾಡನ್ನೂ ಕೇಳಿದೆ. ಎರಡರಲ್ಲಿ ಯಾವುದು ಸರಿ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ, ನಾಳೆ ಇನ್ನೊಬ್ಬರು ಬಂದು ಕೇಳಿದರೆ ಇನ್ನೊಂದು ಸಲ ಕೆಡಿಸಿಕೊಡುತ್ತೇನೆ.

ಒಂದು ಮಾತು ಮರೆತೆ. ಸಂಗೀತ ಕೇಳಿದರೆ ಏನೂ ಆಗದವರೂ ಇದ್ದಾರೆ. ನನ್ನ ಭಾವಮೈದನೇ ಇದ್ದಾನೆ. ಒಳ್ಳೆಯವನು, ಕಷ್ಟಕ್ಕೆ ಆಗುವವನು, ಸಿನಿಮಾ ನೋಡಿ ಅಳುತ್ತಾನೆ, ಹಾಡು ಬಂದರೆ ಮಾತ್ರ ಎದ್ದು ಹೊರಗೆ ಹೋಗುತ್ತಾನೆ. ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ಇದನ್ನೂ ಬರೆದಿದ್ದಾರೆ. ಬೇರೆ ಎಲ್ಲದರಲ್ಲೂ ಸುಖ ಸಿಗುತ್ತದೆ, ಸಂಗೀತದಲ್ಲಿ ಮಾತ್ರ ಸಿಗುವುದಿಲ್ಲ, ಅಂಥವರು ಇರುತ್ತಾರೆ, ಅದು ಕೊಬ್ಬೂ ಅಲ್ಲ ಕಾಯಿಲೆಯೂ ಅಲ್ಲ. ಇದು ಗೊತ್ತಾದ ಮೇಲೆ ಅವನನ್ನು ಕಚೇರಿಗೆ ಎಳೆದುಕೊಂಡು ಹೋಗುವುದು ಬಿಟ್ಟೆ. ಪಾರ್ಕಿಂಗಿಗೆ ಜಾಗ ಹಿಡಿಯೋಕೆ ಮಾತ್ರ ಕರೆಯುತ್ತೇನೆ.

ಈಗ ನನ್ನ ಕ್ಯಾಸೆಟ್ಟು.

ಐದಾರು ವರ್ಷದ ಹಿಂದೆ ರಾಮನವಮಿಯ ಕಚೇರಿ, ಪೆಂಡಾಲಿನಲ್ಲಿ. ಪಾನಕ, ಕೋಸಂಬರಿ ಮುಗಿಸಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ಚಿಕ್ಕ ವಯಸ್ಸಿನ ಕೊಳಲಿನವರು ಮೋಹನ ಎತ್ತಿಕೊಂಡರು. ನನ್ನ ಕ್ಯಾಸೆಟ್ಟಿನಲ್ಲಿ ಇದ್ದದ್ದೇ ಇವರು ನುಡಿಸಲಿಲ್ಲ, ಆಲಾಪನೆ ಅಂದ ಮೇಲೆ ಒಬ್ಬೊಬ್ಬರದು ಒಂದೊಂದು. ಆದರೆ ದಾರಿ ಅದೇ. ಕೆಳಗೆ ಸ್ವಲ್ಪ ಓಡಾಡಿ, ಗಾಂಧಾರದಲ್ಲಿ ನಿಂತು, ಪಂಚಮಕ್ಕೆ ಹೋಗಿ, ಧೈವತಕ್ಕೆ ಏರಿ ಅಲ್ಲೇ ಉಸಿರು ಹಿಡಿದರು. ಅಷ್ಟರಲ್ಲಿ ನನ್ನ ಬಲಗೈ ಹೆಬ್ಬೆರಳು ತೊಡೆಯ ಮೇಲೆ ಗಟ್ಟಿಯಾಗಿ ಒತ್ತಿತು. ನಾನು ಒತ್ತಿದ್ದಲ್ಲ, ತಾನೇ ಒತ್ತಿತು. ಸ್ಟಾಪ್ ಬಟನ್! ಎಷ್ಟೋ ಸಾವಿರ ಸಲ ಅದೇ ಧೈವತದ ಹತ್ತಿರ ಅದೇ ಬೆರಳು ಸ್ಟಾಪ್ ಒತ್ತಿದೆ. ಕೊಳಲು ನಿಲ್ಲಲಿಲ್ಲ. ಇನ್ನೊಂದು ಸುತ್ತು ಬಂದು ಮೇಲಿನ ಷಡ್ಜ ಮುಟ್ಟಿತು. ನಾನು ಪೆಂಡಾಲಿನಲ್ಲಿ, ಪಾನಕದ ಲೋಟ ಹಿಡಿದುಕೊಂಡು, ಪಕ್ಕದವರು ಏನಾಯ್ತು ಸಾರ್ ಅಂತ ಕೇಳುವಷ್ಟು ಅತ್ತೆ.

ಕಚೇರಿ ಮುಗಿದ ಮೇಲೆ ಮನೆಗೆ ಹೋಗಲಿಲ್ಲ. ಅಂಗಡಿ ತೆಗೆದು, ಶಟರ್ ಅರ್ಧ ಎಳೆದುಕೊಂಡು, ಆ ಕ್ಯಾಸೆಟ್ ಹುಡುಕಿ ಹಾಕಿದೆ. ಒಂದು ನಿಮಿಷ ಅಂದರೆ ಹತ್ತಿರ ಹತ್ತಿರ ಮೂರು ಮೀಟರ್ ಟೇಪು. ಆ ಮೂರು ಮೀಟರ್ ಸವೆದು ಸವೆದು ಮೇಲಿನ ಪುಡಿಯೆಲ್ಲ ಹೋಗಿದೆ, ಕೊಳಲು ಗೋಣಿಚೀಲದ ಒಳಗಿಂದ ನುಡಿಸಿದ ಹಾಗಿದೆ. ಅದನ್ನೇ ನಾನು ದಿನಾ ಕೇಳುತ್ತಿದ್ದೆ, ದಿನಾ ಚೂರು ಚೂರು ಮಸುಕಾದದ್ದು ಗೊತ್ತೇ ಆಗಿರಲಿಲ್ಲ. ಗಾಂಧಾರ ಬಂತು, ಪಂಚಮ ಬಂತು. ಧೈವತ ಬಂದಾಗ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡೆ. ಟೇಪು ನಾನು ಯಾವತ್ತೂ ಓಡಿಸದ ಜಾಗಕ್ಕೆ ಬಂತು, ಒಮ್ಮೆಗೇ ದನಿ ತಿಳಿಯಾಯಿತು, ಹೊಸ ಕ್ಯಾಸೆಟ್ಟಿನ ದನಿ. ಹಿಂದೆ ತಂಬೂರಿ ಇದ್ದದ್ದು ಆಗ ಗೊತ್ತಾಯಿತು. ಕೊಳಲಿನವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಷಡ್ಜ.